ಓರಗಿತ್ತಿಯರ ಪಾತ್ರೆ ಪಾಲು

ನಮ್ಮೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಆಟದ ಮೇಷ್ಟ್ರಾಗಿದ್ದವನು ನಾನು, ರಾಚಪ್ಪ. ಅಷ್ಟೂ ವರ್ಷದಲ್ಲಿ ಒಬ್ಬರಾದರೂ ಗೆದ್ದದ್ದನ್ನು ಕಣ್ಣಾರೆ ಕಂಡವನಲ್ಲ. ನಗಬೇಡಿ, ಮೇಷ್ಟ್ರು ಸೋಮಾರಿ ಅಂತಲೂ ಅಂದುಕೊಳ್ಳಬೇಡಿ. ನಮ್ಮೂರಲ್ಲಿ ಯಾವ ಆಟ ಆಡಿದರೂ ಕೊನೆಗೆ ಸಮ. ಕಬಡ್ಡಿ ಆಡಿಸಿ, ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ನೂರು ಮೀಟರ್ ಓಡಿಸಿ, ಏಳು ಹುಡುಗರ ಏಳೂ ಎದೆ ಒಟ್ಟಿಗೇ ದಾರಕ್ಕೆ ತಾಗುತ್ತವೆ. ಅವರಲ್ಲಿ ಒಬ್ಬ ಕುಂಟಿದರೂ ಅಷ್ಟೇ, ಮುಂದಿದ್ದವನ ಚಡ್ಡಿಯ ಲಾಡಿ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಚೌಕಾಬಾರ ಆಡಲು ಕೂತರೆ ಕೊನೆಯ ಕಾಯಿ ಹಣ್ಣಾಗುವುದಕ್ಕೆ ಬೇಕಾದ ಗರ ಬೀಳುವುದೇ ಇಲ್ಲ. ಮದುವೆಮನೆಯಲ್ಲಿ ಓಕುಳಿ ನೀರಿನ ಬಿಂದಿಗೆಯೊಳಗೆ ಉಂಗುರ ಹುಡುಕಿಸುತ್ತಾರಲ್ಲ, ಅಲ್ಲಿಯೂ ಗಂಡಿನದೊಂದು ಬೆರಳು ಹೆಣ್ಣಿನದೊಂದು ಬೆರಳು ಉಂಗುರದೊಳಗೇ ಸಿಕ್ಕಿಕೊಂಡು ಮೇಲೆ ಬರುತ್ತವೆ. ಬೀಗರಿಗೆ ಅದೊಂದು ನೆಮ್ಮದಿ.

ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲೇನು ವಿಶೇಷ? ಆಟ ಮುಗಿಯುವ ಹೊತ್ತಿಗೆ ಒಬ್ಬರು ಮುಂದಿದ್ದಾರೆ ಅನ್ನಿಸಿದರೆ ಅವರೇ ಒಂದು ಕಾಯಿ ಹಿಂದೆ ಸರಿಸಿಯೋ ಇಸ್ಪೀಟಿನ ಒಂದು ಎಲೆ ಎದುರಿನವರಿಗೆ ದಾಟಿಸಿಯೋ ಸಮ ಮಾಡಿಬಿಡುತ್ತಾರೆ. ಹೇಗೂ ಸಮ ಆಗುವುದೇ, ಅದಕ್ಕೋಸ್ಕರ ಕರೆಂಟು ಹೋಗಿ, ಬೆಕ್ಕು ಹಲಗೆಯ ಮೇಲೆ ಹಾರಿ, ಬೇಡದ ನೆಂಟರು ಬಾಗಿಲು ತಟ್ಟಿ, ಯಾಕೆ ಅಷ್ಟೆಲ್ಲ ರಂಪ? ಹಾಗೆ ಸಮ ಮಾಡುವುದು ಮಕ್ಕಳಿಗೂ ರೂಢಿ. ಆಮೇಲೆ ಇಬ್ಬರೂ ಕೈ ಹಿಡಿದು "ಸಮ" ಅನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಮನೆಗೆ ಹೋಗುತ್ತಾರೆ. ನನಗೊಬ್ಬನಿಗೇ ಒಳಗೊಳಗೆ ಕೊರೆಯುತ್ತಿತ್ತು. ಸೀಟಿ ಊದಿ, ಕೈಯೆತ್ತಿ, ಒಬ್ಬರ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಬೇಕು ಅಂತ ಆಸೆ. ಕೂಗದೆಯೇ ರಿಟೈರ್ ಆದೆ.

ರಿಟೈರ್ ಆದ ಮೇಲೆ ಮೂರು ತಿಂಗಳು ಮನೆಯಲ್ಲಿ ಕೂತು ನನ್ನ ಹೆಂಡತಿ ಪುಟ್ಟತಾಯಿಯ ಅಡುಗೆಗೆ ತಪ್ಪು ಹುಡುಕಿದೆ. ನಾಲ್ಕನೇ ತಿಂಗಳು ಅವಳೇ ಒಂದು ಕರಪತ್ರ ತಂದು ನನ್ನ ಮುಂದೆ ಇಟ್ಟಳು. ವಿಶ್ವವಿದ್ಯಾಲಯದ್ದು. ಗೇಮ್ ಡಿಸೈನ್ ಮತ್ತು ಸಂವಾದಾತ್ಮಕ ಕಥನ, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ವಯಸ್ಸಿನ ಮಿತಿ ಇಲ್ಲ, ತರಗತಿಗಳು ಹಳೇ ರೇಷ್ಮೆಗೂಡು ಮಾರುಕಟ್ಟೆಯ ಮಹಡಿಯಲ್ಲಿ. ಇಡೀ ರಾಜ್ಯ ಬಿಟ್ಟು ಆಟ ಕಟ್ಟುವ ಕೋರ್ಸಿಗೆ ನಮ್ಮೂರನ್ನೇ ಯಾವ ಪುಣ್ಯಾತ್ಮ ಆರಿಸಿದನೋ ನಾನರಿಯೆ.

"ಅರವತ್ತಕ್ಕೆ ಅರಳು ಮರಳು ಅಂತಾರೆ ಜನ," ಅಂದೆ.

"ಮನೇಲಿದ್ರೂ ಅದೇ ಅಂತಾರೆ, ಅಲ್ಲಿಗೆ ಹೋದ್ರೂ ಅದೇ ಅಂತಾರೆ. ಹೋದ್ರೆ ನಂಗಾದ್ರೂ ಹಗಲೊತ್ತು ಸ್ವಲ್ಪ ಉಸಿರಾಡೋಕಾಗುತ್ತೆ. ಹೋಗ್ಬನ್ನಿ," ಅಂದಳು.

ಹೋದೆ. ಹನ್ನೆರಡು ಜನ ವಿದ್ಯಾರ್ಥಿಗಳು, ಏಳು ಕಂಪ್ಯೂಟರು, ಮೂಲೆಮೂಲೆಯಲ್ಲಿ ಇನ್ನೂ ರೇಷ್ಮೆಗೂಡಿನ ವಾಸನೆ. ಪಾಠ ಹೇಳುವವರು ಅನಘಾ ಮೇಡಂ, ಹೊರಗಿನಿಂದ ಬಂದವರು, ಮೂವತ್ತೈದು ದಾಟಿರಲಿಕ್ಕಿಲ್ಲ. ನಮ್ಮೂರಿನ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ. ಮೊದಲ ದಿನ ಸಂಕೋಚ ಬಿಡಿಸಲೆಂದು ಕಲ್ಲು-ಕಾಗದ-ಕತ್ತರಿ ಆಡಿಸಿದರು. ಇಬ್ಬರೂ ಕಲ್ಲು. ಮತ್ತೆ ಇಬ್ಬರೂ ಕಾಗದ. ಜೋಡಿ ಬದಲಾಯಿಸಿದರು, ಮತ್ತೆ ಅದೇ. ಅರ್ಧ ಗಂಟೆಯಾದ ಮೇಲೆ ತಾವೇ ಒಬ್ಬರ ಎದುರು ನಿಂತು ಆಡಿದರು. ಕತ್ತರಿ, ಕತ್ತರಿ. ಮೇಡಂ ತಮ್ಮ ಎರಡು ಬೆರಳನ್ನೇ ಒಂದು ಗಳಿಗೆ ನೋಡುತ್ತಾ ನಿಂತು, ಕುರ್ಚಿಯಲ್ಲಿ ಕೂತು, ಒಂದು ಬಾಟಲಿ ನೀರು ಪೂರ್ತಿ ಕುಡಿದರು. "ನಮ್ಮೂರು ಹಿಂಗೇ ಮೇಡಂ, ಅಭ್ಯಾಸ ಆಗೋಗುತ್ತೆ ಬಿಡಿ," ಎಂದು ನಾನು ಸಮಾಧಾನ ಹೇಳಿದೆ.

ಗಟ್ಟಿ ಹೆಂಗಸು, ಎರಡೇ ವಾರದಲ್ಲಿ ಅಭ್ಯಾಸ ಮಾಡಿಕೊಂಡರು. ಅವರು ಕಲಿಸಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಕವಲೊಡೆಯುವ ಕಥೆ. ಕಥೆ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, ಎದುರಿಗಿರುವವರನ್ನು "ಈಗ ನೀವಾಗಿದ್ರೆ ಏನ್ಮಾಡ್ತೀರಿ?" ಅಂತ ಕೇಳಬೇಕು. ಅವರು ಹೇಳಿದ ದಾರಿಯಲ್ಲಿ ಕಥೆ ಹೋಗಬೇಕು. ಕೊನೆಯ ಆಸೆ ಇಲ್ಲದೆ ನಡುವನ್ನೇ ಸವಿಯುವುದು ನಮ್ಮೂರವರಿಗೆ ರಕ್ತದಲ್ಲೇ ಬಂದದ್ದು. ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದ ಒಂದು ಟಿಫಿನ್ ಡಬ್ಬಿಯ ಮೇಲೆ ನಮ್ಮ ತರಗತಿಯವರು ನಲವತ್ತು ಕವಲು ಬರೆದರು. ಮೇಡಂ ಗೋಡೆಯ ತುಂಬ ಚೀಟಿ ಅಂಟಿಸಿ, ಸೊಂಟದ ಮೇಲೆ ಕೈಯಿಟ್ಟು ನಕ್ಕರು.

ತರಗತಿಯಲ್ಲಿ ಎಲ್ಲರನ್ನೂ ಮೀರಿಸಿದವಳು ಶಾಹಿದಾ. ಹೈಸ್ಕೂಲಿನಲ್ಲಿ ನನ್ನ ಶಿಷ್ಯೆಯಾಗಿದ್ದ ಹುಡುಗಿ, ಈಗ ಇಪ್ಪತ್ತಾರು ವರ್ಷ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಊರವರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದಳು. ಪ್ರಾಜೆಕ್ಟಿಗೆ ಜೋಡಿ ಮಾಡಿದಾಗ ಅವಳ ಪಾಲಿಗೆ ನಾನು ಬಿದ್ದೆ. ಪಾಪ, ಒಂದು ಮಾತೂ ಆಡದೆ ಒಪ್ಪಿಕೊಂಡಳು. "ಎಂಟು ವರ್ಷದಿಂದ ಬೇರೆಯವ್ರು ಹೇಳಿದ್ದನ್ನೇ ಬರೀತಿದೀನಿ ಸಾರ್," ಎಂದು ಒಂದು ದಿನ ನನ್ನೊಡನೆ ಅಂದಳು. "ಮುಂದೆ ಏನಾಗ್ಬೇಕು ಅಂತ ನನ್ನನ್ನ ಕೇಳಿದ್ದು ಈ ಮಹಡಿ ಮೇಲೇನೇ." ಸರ್ಟಿಫಿಕೇಟು ಸಿಕ್ಕಿದರೆ ಮುಂದಿನ ತಂಡಕ್ಕೆ ಅವಳನ್ನೇ ಸಹಾಯಕಿಯಾಗಿ ತೆಗೆದುಕೊಳ್ಳುವುದಾಗಿ ಮೇಡಂ ಹೇಳಿದ್ದರು. ಅಂಗಡಿಯ ಯಜಮಾನನಿಗೆ ತಿಂಗಳ ಕೊನೆಗೆ ಬಿಡುತ್ತೇನೆ ಅಂತ ಅವಳು ಆಗಲೇ ಹೇಳಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಕಣಮ್ಮ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಕೂಸಿಗೆ ಅಡ್ಡ ಬಂದದ್ದು ನಿಯಮ ಹದಿನಾಲ್ಕು ಬಿ. ಅಂತಿಮ ಪರೀಕ್ಷೆಯಲ್ಲಿ ಪರೀಕ್ಷಕರ ಎದುರು ಇಬ್ಬರು ಆ ಆಟವನ್ನು ಆಡಬೇಕು, ಕಟ್ಟಿದವರು ಆಡುವಂತಿಲ್ಲ, ಆಟ ಒಬ್ಬರ ಗೆಲುವು ಇನ್ನೊಬ್ಬರ ಸೋಲಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪ್ರಾಜೆಕ್ಟು ಅಪೂರ್ಣ, ಪರೀಕ್ಷೆ ಫೇಲು. ತರಗತಿಯಲ್ಲಿ ಒಬ್ಬರೂ ಪಾಸಾಗದಿದ್ದರೆ ಕೇಂದ್ರಕ್ಕೆ ಬೀಗ. ಮೇಡಂ ಮೂರು ಪತ್ರ ಬರೆದರು. ಮೂರಕ್ಕೂ ಒಂದೇ ಸಾಲಿನ ಉತ್ತರ ಬಂತು: ಸಡಿಲಿಕೆಗೆ ಅವಕಾಶವಿಲ್ಲ.

"ಊರಾಚೆ ಹೋಗಿ ಆಡ್ಸಿದ್ರೆ?" ಅಂದೆ.

"ಪರೀಕ್ಷೆ ಕೇಂದ್ರದಲ್ಲೇ ನಡೀಬೇಕು ಸಾರ್. ಅದು ಹದಿನಾಲ್ಕು ಎ," ಅಂದರು ಮೇಡಂ.

ಆ ವಾರವೆಲ್ಲ ಶಾಹಿದಾ ಊಟ ಬಿಟ್ಟವಳಂತೆ ಓಡಾಡಿದಳು. ಸೋಮವಾರ ಬೆಳಿಗ್ಗೆ ಮಾತ್ರ ನಾನು ಮೆಟ್ಟಿಲು ಹತ್ತುವ ಮುಂಚೆಯೇ ಓಡಿಬಂದಳು. "ಸಾರ್, ನಮ್ಮನೇಲಿ ಅಮ್ಮ, ಚಿಕ್ಕಮ್ಮ ಇಬ್ರೂ ಒಂದೇ ಅಡುಗೆಮನೆ. ಅಮ್ಮಂಗೆ ಎಲ್ಲಾ ಸಮ ಆಗಿರ್ಬೇಕು. ಚಿಕ್ಕಮ್ಮಂಗೆ ಏನಾದ್ರೂ ಒಂದು ಹೆಚ್ಚುಕಮ್ಮಿ ಇರ್ಬೇಕು. ಇವ್ರಿಬ್ರನ್ನೇ ಆಟಕ್ಕೆ ಕೂರ್ಸಿದ್ರೆ? ಸಮ ಆದ್ರೆ ದೊಡ್ಡೋಳು ಗೆದ್ಲು. ಸಮ ಆಗ್ದಿದ್ರೆ ಚಿಕ್ಕೋಳು ಗೆದ್ಲು. ಸಮ ಆದ್ರೂ ಒಬ್ರು ಗೆಲ್ಲಲೇಬೇಕಲ್ಲ ಸಾರ್!"

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಮೂವತ್ತನಾಲ್ಕು ವರ್ಷ ಮೈದಾನಕ್ಕೆ ಸುಣ್ಣದ ಗೆರೆ ಎಳೆದ ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಎಂಥಾ ಹುಡುಗಿ ರೀ!

ಹೀಗೆ ಹುಟ್ಟಿದ್ದು ಓರಗಿತ್ತಿಯರ ಪಾತ್ರೆ ಪಾಲು. ಅತ್ತೆ ಬಿಟ್ಟುಹೋದ ಹದಿನಾಲ್ಕು ಪಾತ್ರೆ, ಹದಿನಾಲ್ಕು ಕಾರ್ಡು. ಬಾಣಲೆ, ಪರಾತ, ಕೊಳಗ, ಇಡ್ಲಿ ಪಾತ್ರೆ, ಕೊನೆಗೆ ಒಂದು ಸೌಟು. ನಡುವೆ ಒಲೆಯದೊಂದು ಕಾರ್ಡು, ಇನ್ನೂ ಯಾರ ಪಾಲಿಗೂ ಹೋಗದ ಪಾತ್ರೆ ಅದರ ಮೇಲೆ. ಪ್ರತಿ ಸರದಿಯಲ್ಲೂ ಕಥೆಯ ಒಂದು ಕಾರ್ಡು ಏಳುತ್ತದೆ. ಬಾಣಲೆ ಪಕ್ಕದ ಮನೆಗೆ ಹೋಗಿದೆ, ಕೇಳಿ ತರುತ್ತೀರೋ ಮರೆತಂತೆ ಇರುತ್ತೀರೋ? ಇಡ್ಲಿ ಪಾತ್ರೆಯನ್ನು ನಾದಿನಿ ಕೇಳಿದ್ದಾಳೆ, ಏನು ಮಾಡುತ್ತೀರಿ? ಆಡುವವರ ಉತ್ತರದಂತೆ ಪಾತ್ರೆ ಅತ್ತಿತ್ತ ಹೋಗುತ್ತದೆ. ಯಾರೂ ಯಾರಿಂದಲೂ ಕಿತ್ತುಕೊಳ್ಳುವಂತಿಲ್ಲ, ಕೊಡಬಹುದು. ಚಿಕ್ಕವಳು ಲೆಕ್ಕ ಕೆಡಿಸಲೆಂದೇ ಧಾರಾಳವಾಗಿ ಕೊಡಬಹುದು, ದೊಡ್ಡವಳು ಹಿಂದಿರುಗಿಸಬಹುದು. ಕೊನೆಯ ಸರದಿ ಯಾವಾಗಲೂ ದೊಡ್ಡವಳದ್ದು. ಅವಳು ಒಲೆಯ ಕಾರ್ಡನ್ನು ಬೋರಲು ಹಾಕಿದರೆ ಒಲೆ ಆರಿದಂತೆ, ಆಟ ಮುಗಿಯಿತು, ಎಣಿಕೆ. ಕಾರ್ಡಿನ ಚಿತ್ರಗಳನ್ನೆಲ್ಲ ನಾನು ಬರೆದೆ. ನನ್ನ ಕೊಳಗ ಕುಂಬಳಕಾಯಿಯಂತೆ ಕಾಣುತ್ತದೆ ಎಂದು ಪುಟ್ಟತಾಯಿ ತಕರಾರು ತೆಗೆದಳು.

ಪ್ರಯೋಗಕ್ಕೆಂದು ಆರು ಸಲ ಆಡಿಸಿದೆವು. ಒಂದು ಸಲವೂ ಒಲೆ ಆರಲಿಲ್ಲ. ಒಮ್ಮೆ ಕಾರ್ಡುಗಳ ಮೇಲೆ ಸಾಂಬಾರು ಚೆಲ್ಲಿತು, ಒಮ್ಮೆ ಕೋತಿ ಪರಾತವನ್ನೇ ಎತ್ತಿಕೊಂಡು ಹೋಯಿತು, ಒಮ್ಮೆ ಆಡುತ್ತಿದ್ದ ಇಬ್ಬರೂ ತಮ್ಮ ತಮ್ಮ ಮನೆಯ ಓರಗಿತ್ತಿಯರನ್ನು ನೆನೆದು ಅಳಲು ಶುರುಮಾಡಿದರು. ಹಾಗಾಗಿ ಒಲೆ ಆರಿದರೆ ಏನಾಗುತ್ತದೆ ಅನ್ನುವುದು ನಮಗೂ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಪರೀಕ್ಷಕರಾಗಿ ಪ್ರೊಫೆಸರ್ ಚಿದಾನಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸಂಜೆ ಐದೂವರೆಯ ಬಸ್ಸಿಗೆ ವಾಪಸ್ ಟಿಕೆಟ್ಟು. ಕಾಲೇಜಿನ ದಿನಗಳಲ್ಲಿ ಚೆಸ್ ಚಾಂಪಿಯನ್ ಆಗಿದ್ದರಂತೆ. ಊರಿನ ಸಂಗತಿಯನ್ನು ಮೇಡಂ ಹೇಳಿದಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಅವರ ನಗು ಇಳಿಯಿತು. ಉಳಿದ ಎಲ್ಲ ಆಟಗಳೂ ಅವರ ಕಣ್ಣೆದುರೇ ಸಮ ಆದವು. ಕಂಪ್ಯೂಟರಿನ ಓಟದ ಆಟದಲ್ಲಿ ಎರಡು ಎತ್ತಿನಗಾಡಿಗಳು ಕೂದಲೆಳೆಯಷ್ಟೂ ಅಂತರವಿಲ್ಲದೆ ಗೆರೆ ದಾಟಿದವು. ಒಂದಾದ ಮೇಲೊಂದು ಫಾರಂ ತೆಗೆದು "ಅಪೂರ್ಣ" ಅಂತ ಬರೆದರು. ಮೂರೂವರೆಗೆ ನಮ್ಮ ಸರದಿ ಬಂತು. ಪ್ರೊಫೆಸರು ಅಂಗಿಯ ತೋಳು ಮಡಚಿ, "ಇದನ್ನ ನಾನೇ ಆಡ್ತೀನಿ. ಎದುರಿಗೆ ಯಾರಾದ್ರೂ ಬನ್ನಿ," ಅಂದರು.

ನನಗೆ ಮಧ್ಯಾಹ್ನದ ಬುತ್ತಿ ತಂದಿದ್ದ ಪುಟ್ಟತಾಯಿ ಬಾಗಿಲ ಬಳಿ ನಿಂತಿದ್ದಳು. ಯಾರೂ ಕರೆಯುವ ಮುಂಚೆಯೇ ಬಂದು ಸೆರಗು ಸಿಕ್ಕಿಸಿ ಕೂತಳು. "ನಾನು ದೊಡ್ಡೋಳು. ನೀವು ಚಿಕ್ಕೋಳು," ಅಂದಳು. ಪ್ರೊಫೆಸರು ಕೆಮ್ಮಿ ಒಪ್ಪಿಕೊಂಡರು.

ಮೊದಮೊದಲು ಅವರು ಚೆಸ್ ಆಡುವವರ ಹಾಗೆ ಗಲ್ಲ ಹಿಡಿದು ಕೂತಿದ್ದರು. ನಾಲ್ಕನೇ ಸರದಿಗೆ ದನಿ ಬದಲಾಯಿತು. "ಅಕ್ಕಾ, ಈ ಪರಾತ ನಿಮ್ಮ ಹತ್ರಾನೇ ಇರ್ಲಿ. ನಮ್ಮನೇಲಿ ಇಡೋಕೆ ಜಾಗ ಎಲ್ಲಿದೆ?" ಎಂದು ಕಾರ್ಡು ತಳ್ಳಿದರು.

"ಅಯ್ಯೋ ಸಾಕಿರವ್ವ ನಿನ್ ಧಾರಾಳ! ನಾಳೆ ಬೀದೀಲಿ ನಿಂತ್ಕೊಂಡು ಅಕ್ಕ ಎಲ್ಲಾ ನುಂಗಾಕಿದ್ಲು ಅಂತ ಹೇಳೋಕಾ? ತಗೋ ಈ ಕೊಳಗ," ಅಂತ ನನ್ನ ಹೆಂಡತಿ ಕುಂಬಳಕಾಯಿಯನ್ನು ವಾಪಸ್ ತಳ್ಳಿದಳು.

ಕೋಣೆಯಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಕೆಳಗಿನ ಅಂಗಡಿಗಳ ಜನವೂ ಮೆಟ್ಟಿಲ ಮೇಲೆ ತುಂಬಿಕೊಂಡರು. ಕರೆಂಟು ಹೋಯಿತು, ಕಿಟಕಿ ತೆರೆದೆವು. ಗಾಳಿ ಬಂತು, ಕಾರ್ಡುಗಳ ಮೇಲೆ ಸ್ಲೇಟು, ಡಸ್ಟರು, ಮೇಡಂ ಅವರ ಚಪ್ಪಲಿ ಇಟ್ಟೆವು. ಆಟ ನಿಲ್ಲಲಿಲ್ಲ. ಕೊನೆಯ ಸರದಿಗೆ ಪುಟ್ಟತಾಯಿಯ ಬಳಿ ಆರು ಪಾತ್ರೆ, ಪ್ರೊಫೆಸರ ಬಳಿ ಏಳು, ಒಲೆಯ ಮೇಲೆ ಸೌಟು. ಅವಳು ಸೌಟನ್ನು ತನ್ನ ಕಡೆ ಎಳೆದುಕೊಂಡಳು. ಏಳು, ಏಳು. ಇನ್ನು ಒಲೆಯ ಕಾರ್ಡು ಬೋರಲು ಹಾಕಿದರೆ ಅವಳೇ ಗೆದ್ದಂತೆ. ಮೂವತ್ತನಾಲ್ಕು ವರ್ಷ ಕಾದ ಹೆಸರು ನನ್ನ ಹೆಂಡತಿಯದ್ದೇ ಆಗುವುದರಲ್ಲಿತ್ತು.

ಅಷ್ಟರಲ್ಲಿ ಪ್ರೊಫೆಸರ ಮುಖ ಬಾಡಿತು. ಪುಟ್ಟತಾಯಿ ಅದನ್ನು ನೋಡಿದಳು. ಎದುರಿನವರು ಹಿಂದೆ ಬಿದ್ದರು ಅಂತ ಕಂಡಾಗ ನಮ್ಮೂರಿನವರ ಕೈ ಏನು ಮಾಡುತ್ತದೋ ಅವಳ ಕೈಯೂ ಅದನ್ನೇ ಮಾಡಿತು. ಸೌಟನ್ನು ಎತ್ತಿ ಅವರ ಕಡೆ ಇಟ್ಟು, "ತಗೊಳ್ಳಿ ಸಾರ್, ಬೇಜಾರ್ ಮಾಡ್ಕೋಬೇಡಿ," ಅಂದು, ಒಲೆಯ ಕಾರ್ಡನ್ನು ಬೋರಲು ಹಾಕಿದಳು. ಆರು, ಎಂಟು. ಅಭ್ಯಾಸಬಲದಿಂದ ಸಮ ಮಾಡಲು ಹೋಗಿ ನನ್ನ ಹೆಂಡತಿ ಸೋತಿದ್ದಳು.

ಮೇಡಂ ನನ್ನ ಬೆನ್ನಿಗೆ ತಿವಿದರು. "ಘೋಷಣೆ ಮಾಡಿ ಸಾರ್, ನೀವೇ ಮಾಡ್ಬೇಕು." ನಾನು ಎದ್ದು ನಿಂತೆ, ಕೈಯೆತ್ತಿದೆ. "ಗೆದ್ದವರು ಪ್ರೊಫೆಸರ್ ಚಿದಾನಂದ," ಅಂದೆ. ಅಷ್ಟು ವರ್ಷದ ಆಸೆ, ಗಂಟಲಿನಿಂದ ಕೀರಲು ದನಿಯಲ್ಲಿ ಹೊರಬಿತ್ತು. ನನಗೆ ಗೆದ್ದವರನ್ನು ನೋಡಲು ಆಗಲೇ ಇಲ್ಲ, ಪುಟ್ಟತಾಯಿಯನ್ನೇ ನೋಡುತ್ತಿದ್ದೆ. ನಮ್ಮೂರಿನಲ್ಲಿ ಹುಟ್ಟಿ ಸೋತವಳು ಅವಳೊಬ್ಬಳೇ. ಮೆಟ್ಟಿಲ ಮೇಲಿದ್ದ ಹೆಂಗಸೊಬ್ಬಳು ಸಾವಿನ ಮನೆಗೆ ಬಂದವಳಂತೆ ಲೊಚಗುಟ್ಟಿದಳು.

ಪ್ರೊಫೆಸರು ಪೆನ್ನಿನ ಮುಚ್ಚಳ ತೆಗೆದು ಫಾರಂ ಮುಂದಕ್ಕೆ ಎಳೆದುಕೊಂಡರು. ಶಾಹಿದಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಗ ಪುಟ್ಟತಾಯಿ ಟೇಬಲ್ಲಿಗೆ ಒಂದು ಗುದ್ದು ಗುದ್ದಿದಳು.

"ಇನ್ನೊಂದ್ ಆಟ ಹಾಕಿ!"

ಕೇಳಿದಿರಾ? ನಮ್ಮೂರಲ್ಲಿ ಈ ಮಾತನ್ನು ಯಾರೂ ಯಾವತ್ತೂ ಆಡಿದ್ದಿಲ್ಲ. ಸಮ ಆದ ಮೇಲೆ ಇನ್ನೊಂದು ಆಟ ಯಾತಕ್ಕೆ? ಅವಳ ಮೂಗು ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಮದುವೆಯಾಗಿ ಮೂವತ್ತಾರು ವರ್ಷ, ಈ ಮುಖವನ್ನು ನಾನು ಕಂಡಿರಲಿಲ್ಲ. ಪ್ರೊಫೆಸರು ಗಡಿಯಾರ ನೋಡಿದರು. ಗೆದ್ದ ಅಮಲಿನಲ್ಲಿದ್ದರು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟು, "ಆಗ್ಲಿ ಅಕ್ಕಾ, ಬನ್ನಿ," ಅಂದರು.

ಮೇಡಂ ನನ್ನ ಕಿವಿಯ ಹತ್ತಿರ ಬಂದರು. "ಸಾರ್, ಇನ್ನೂ ಫಾರಂ ಬರ್ದಿಲ್ಲ. ನಿಮ್ಮ ಮನೆಯವ್ರು ಈಗ ಗೆದ್ಬಿಟ್ರೆ ಒಂದಕ್ಕೆ ಒಂದು ಆಗುತ್ತೆ. ಸಮ ಅಂತ ಬರೆದ್ರೆ ಮುಗೀತು ನಮ್ಮ ಕಥೆ."

ಒಂದು ಸನ್ನೆ ಮಾಡಿದ್ದರೆ ಸಾಕು, ಪುಟ್ಟತಾಯಿಗೆ ಅರ್ಥವಾಗುತ್ತಿತ್ತು. ಶಾಹಿದಾಳಿಗೋಸ್ಕರ ಇನ್ನೊಂದು ಸೌಟು ಕೊಡುತ್ತಿದ್ದಳು. ಕೆಮ್ಮಲೆಂದು ಬಾಯಿ ತೆರೆದೆ. ಶಾಹಿದಾ ನನ್ನ ತೋಳು ಹಿಡಿದು ಎಳೆದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಬೇಡ ಸಾರ್. ಆಡ್ಲಿ ಬಿಡಿ."

"ಹುಚ್ಚು ಹುಡುಗಿ, ನಿನ್ ಸರ್ಟಿಫಿಕೇಟು..."

"ಗೊತ್ತು ಸಾರ್. ಆದ್ರೆ ಪುಟ್ಟತಾಯಮ್ಮ ಇನ್ನೊಂದ್ ಆಟ ಅಂದ್ರಲ್ಲ. ನಾವು ಮಾಡಿದ ಆಟಕ್ಕೆ ಅಂದ್ರು. ಈಗ ತಡೆದ್ರೆ ನಾನೇ ಕೆಡಿಸ್ದಂಗೆ."

ನಾನು ಬಾಯಿ ಮುಚ್ಚಿಕೊಂಡೆ. ಆಟ ನಡೆಯಿತು. ಈ ಸಲ ನಗು ಕಡಿಮೆ, ಬಿಸಿ ಜಾಸ್ತಿ. ಕಥೆಯಲ್ಲಿ ನಾದಿನಿ ಬಂದಳು, ಪಕ್ಕದ ಮನೆಯವಳು ಬಾಣಲೆಯಲ್ಲಿ ಒಗ್ಗರಣೆ ಸೀಯಿಸಿ ಕಪ್ಪು ಮಾಡಿ ಕಳಿಸಿದಳು. ಪ್ರೊಫೆಸರು ಅಳುದನಿಯಲ್ಲಿ ಎರಡು ಪಾತ್ರೆ ದಾನ ಕೊಟ್ಟರು, ಪುಟ್ಟತಾಯಿ ಎರಡನ್ನೂ ಹಿಂದಿರುಗಿಸಿದಳು. ಮತ್ತೆ ಏಳು, ಏಳು. ಮತ್ತೆ ಅವರ ಮುಖ ಬಾಡಿತು. ನನ್ನ ಹೆಂಡತಿಯ ಬಲಗೈ ತನ್ನಷ್ಟಕ್ಕೆ ಸೌಟಿನ ಕಡೆ ಹೊರಟಿತು. ಅವಳು ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಸೆರಗು ಮುಚ್ಚಿದಳು. ಎಡಗೈಯಲ್ಲಿ ಒಲೆಯನ್ನು ಬೋರಲು ಹಾಕಿ, "ಗೆದ್ದೆ," ಅಂದಳು. ಆಮೇಲೆ ತಾನೇ ಬೆದರಿದವಳಂತೆ ಸುತ್ತ ನೋಡಿದಳು.

ಮಹಡಿ ಬಿದ್ದುಹೋಗುವಂತೆ ಚಪ್ಪಾಳೆ ಬಿತ್ತು. ಯಾರೋ ಹಿಂದಿನಿಂದ, "ಒಂದಕ್ಕೆ ಒಂದು, ಸಮ!" ಎಂದು ಕೂಗಿದರು. ಮೇಡಂ ಕಣ್ಣು ಮುಚ್ಚಿಕೊಂಡರು.

ಪ್ರೊಫೆಸರು ತಮ್ಮ ಏಳು ಕಾರ್ಡುಗಳನ್ನು ಒಂದೊಂದಾಗಿ ಮತ್ತೆ ಎಣಿಸಿದರು. ತಲೆಯೆತ್ತಿದಾಗ ಅವರ ಮೂಗೂ ಕೆಂಪಾಗಿತ್ತು. "ಸಮ ಹೇಗಾಗುತ್ತೆ? ಒಂದು ಆಟಕ್ಕೆ ಒಂದು ಫಾರಂ," ಅಂದರು. ಎರಡು ಫಾರಂ ತೆಗೆದರು. ಮೊದಲನೆಯದರಲ್ಲಿ ಗೆದ್ದವರು ತಾವು, ಸೋತವರು ಪುಟ್ಟತಾಯಮ್ಮ. ಎರಡನೆಯದರಲ್ಲಿ ಗೆದ್ದವರು ಪುಟ್ಟತಾಯಮ್ಮ. ಸೋತವರ ಜಾಗದಲ್ಲಿ ತಮ್ಮ ಹೆಸರನ್ನು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. ಎರಡರ ಕೆಳಗೂ "ಪೂರ್ಣ" ಅಂತ ಬರೆದು ಸಹಿ ಹಾಕಿದರು.

"ಈ ಆಟ ಕಟ್ಟಿದವರ ಹೆಸರು?" ಅಂದರು.

ನಾನು ಶಾಹಿದಾಳನ್ನು ಮುಂದಕ್ಕೆ ತಳ್ಳಿದೆ. ಅವಳು ಬಾಯಿ ತೆರೆದಳು, ಅಳುವಿನಲ್ಲಿ ಮಾತೇ ಹೊರಡಲಿಲ್ಲ. ಎಂಟು ವರ್ಷ ಊರವರ ಹೆಸರುಗಳನ್ನೆಲ್ಲ ಟೈಪ್ ಮಾಡಿದವಳಿಗೆ ತನ್ನ ಹೆಸರು ಹೇಳಲಾಗಲಿಲ್ಲ. ಕಾರ್ಡುಗಳನ್ನು ಕಲೆಸುತ್ತಿದ್ದ ಪುಟ್ಟತಾಯಿಯೇ ಕೊನೆಗೆ ಬೀದಿಗೆ ಕೇಳುವಂತೆ ಹೇಳಿದಳು, "ಶಾಹಿದಾ ಬಾನು! ಬರ್ಕೊಳ್ಳಿ ಸಾರ್. ಪಕ್ಕದಲ್ಲಿ ನಮ್ಮನೆಯವ್ರದ್ದೂ ಹಾಕಿ, ರಾಚಪ್ಪ ಅಂತ. ಬರ್ದಾಯ್ತಾ? ಬಸ್ಸು ಹೋದ್ರೆ ಹೋಗ್ಲಿ, ಕೂತ್ಕೊಳ್ಳಿ. ಪಾತ್ರೆ ಹಂಚಿದೀನಿ."